ಅಕ್ಷರಗುಂಡಿನ ನೆಲದ ಮಕ್ಕಳಿಗೆ

ಮಕ್ಕಳೇ,

ಬಿ.ಜಿ. ಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು, ಕಾಲೇಜಿಗೆಂದು ಚಳ್ಳಕೆರೆಗೋ ಮೊಳಕಾಲ್ಮುರಿಗೋ ಬಸ್ಸು ಹತ್ತುವವರು, ಓದು ಬಿಟ್ಟು ಕುರಿಯ ಹಿಂದೆ ಹೋದವರು, ಶೇಂಗಾ ಕೈಕೊಟ್ಟ ವರ್ಷ ಬೆಂಗಳೂರಿಗೆ ದುಡಿಯಲು ಹೊರಟು ನಿಂತವರು, ನಿಮ್ಮೆಲ್ಲರಿಗೂ ಒಟ್ಟಿಗೇ ಒಂದು ಮಾತು ಹೇಳಬೇಕಿದೆ. ಪರೀಕ್ಷೆಗೆ ಹೇಗೆ ಓದಬೇಕೆಂದು ಹೇಳುವವರು ನಿಮಗೆ ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆ ಮುಗಿದ ಮೇಲೂ ಉಳಿಯಬೇಕಾದ ಓದಿನ ಬಗ್ಗೆ ಹೇಳುವವರು ಕಡಿಮೆ. ನಾನು ಹೇಳುವುದು ಅದನ್ನೇ.

ಪುಸ್ತಕ ಲೋಕವನ್ನು ಬದಲಿಸುತ್ತದೆ ಎಂಬ ಮಾತನ್ನು ನೀವು ಶಾಲೆಯ ಭಾಷಣಗಳಲ್ಲಿ ಕೇಳಿರುತ್ತೀರಿ. ಅದು ಅರ್ಧ ಮಾತು. ಓದುವವರಿಲ್ಲದ ಅಕ್ಷರ ಏನನ್ನೂ ಬದಲಿಸುವುದಿಲ್ಲ. ಬದಲಿಸುವವರು ಓದುಗರು. ಇದನ್ನು ತೋರಿಸಲು ನಾನು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ಸಾಕ್ಷಿ ನಿಮ್ಮ ಮೊಳಕಾಲ್ಮುರು ತಾಲ್ಲೂಕಿನಲ್ಲೇ, ಅಶೋಕ ಸಿದ್ದಾಪುರದ ಬಳಿಯ ಬ್ರಹ್ಮಗಿರಿಯಲ್ಲಿ ಇದೆ.

ನಿಮ್ಮಲ್ಲಿ ಕೆಲವರು ಶಾಲೆಯಿಂದ ಒಂದು ದಿನದ ಪ್ರವಾಸ ಹೋಗಿ, ಅಲ್ಲಿನ ಶಾಸನದ ಬಂಡೆಯ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು, ಬುತ್ತಿ ಬಿಚ್ಚಿ ಉಂಡು ಬಂದಿರುತ್ತೀರಿ. ಇನ್ನೊಮ್ಮೆ ಹೋಗಿ, ಈ ಸಲ ಆತುರವಿಲ್ಲದೆ ನೋಡಿ. ಒರಟು ಕಲ್ಲಿನ ಮೇಲೆ 13 ಸಾಲು ಬರಹ. ಗಣಿತದ ಕೂಡುವ ಚಿಹ್ನೆಯ ಹಾಗೆ ಕಾಣುವುದು ‘ಕ’. ಒಂದು ಸುತ್ತಿನ ನಡುವೆ ಚುಕ್ಕಿ ಇಟ್ಟದ್ದು ‘ಥ’. ನಾವು ಇವತ್ತು ಬರೆಯುವ ಕನ್ನಡದ ‘ಥ’ದ ಹೊಟ್ಟೆಯೊಳಗೂ ಒಂದು ಚುಕ್ಕಿ ಇದೆ, ನೋಡಿಕೊಳ್ಳಿ. ಆ ಬ್ರಾಹ್ಮಿ ಲಿಪಿಯಿಂದಲೇ ನಮ್ಮ ಕನ್ನಡದ ಲಿಪಿ ಬೆಳೆದು ಬಂದದ್ದು.

ಸುಮಾರು 2,250 ವರ್ಷಗಳ ಹಿಂದೆ ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಮೂಲಕ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಅಶೋಕನ ಮಾತು ಅದು. ಭಾಷೆ ಪ್ರಾಕೃತ. ಅದರಲ್ಲಿ ಯುದ್ಧ ಗೆದ್ದ ಹೊಗಳಿಕೆ ಇಲ್ಲ, ದಾನ ಕೊಟ್ಟ ಜಂಬ ಇಲ್ಲ. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದಿದೆ. ಅದಕ್ಕಿಂತ ಮೊದಲು ಇನ್ನೊಂದು ಮಾತಿದೆ, ನನಗೆ ಬಹಳ ಹಿಡಿಸಿದ್ದು. ದೊಡ್ಡ ಫಲ ದೊಡ್ಡವರಿಗೆ ಮಾತ್ರ ದಕ್ಕುವುದಲ್ಲ, ಸಣ್ಣವನೂ ಶ್ರಮಪಟ್ಟರೆ ಪಡೆಯಬಹುದು ಎಂದು ಚಕ್ರವರ್ತಿಯೊಬ್ಬ ನಮ್ಮ ಈ ಬರಗಾಲದ ಸೀಮೆಯಲ್ಲಿ ಬರೆಸಿದ್ದಾನೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ: ಚಪಡ. ಲಿಪಿಕಾರ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಆತ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ಇವತ್ತಿನ ಪಾಕಿಸ್ತಾನದ ಕಡೆ, ವಾಯವ್ಯದಲ್ಲಿ ಬಳಕೆಯಲ್ಲಿದ್ದ ಲಿಪಿ. ಅಲ್ಲಿನ ಅಕ್ಷರ ಕಲಿತವನೊಬ್ಬ ನಿಮ್ಮ ತಾಲ್ಲೂಕಿನ ಬಂಡೆಯ ಮುಂದೆ ಕುಳಿತು ಉಳಿ ಹಿಡಿದಿದ್ದ. ಓದುಬರಹ ಬಲ್ಲವನಿಗೆ ಲೋಕ ಆಗಲೂ ಅಷ್ಟು ದೊಡ್ಡದಾಗಿತ್ತು.

ಆಮೇಲೆ ಏನಾಯಿತು? ಆ ಲಿಪಿ ಓದುವ ವಿದ್ಯೆ ಮರೆತುಹೋಯಿತು. ಬಂಡೆ ಎಲ್ಲಿಗೂ ಹೋಗಲಿಲ್ಲ, ಅಕ್ಷರ ಅಳಿಯಲಿಲ್ಲ. ಎಷ್ಟೋ ತಲೆಮಾರು ನಮ್ಮ ಹಿರಿಯರು ಅದರ ಪಕ್ಕದಲ್ಲೇ ದನಕುರಿ ಮೇಯಿಸಿದರು. ಏನೋ ಬರಹ ಇದೆ ಎಂದು ಗೊತ್ತಿದ್ದರಿಂದ ಅದನ್ನು ಅಕ್ಷರಗುಂಡು ಎಂದು ಕರೆದರು. ಹತ್ತಿರದ ಜಟಿಂಗ ರಾಮೇಶ್ವರದ ಬೆಟ್ಟದ ಮೇಲಿನ ಶಾಸನದ ಬಂಡೆಗೆ ಬಳೆಗಾರಗುಂಡು ಎಂಬ ಹೆಸರಿತ್ತು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದರು. ತಮ್ಮ ಮಕ್ಕಳ ಒಳಿತಿಗೆಂದೇ ಬರೆದ ಬುದ್ಧಿಮಾತಿನ ಮೇಲೆ ಕೈಯೂರಿ ಕುಳಿತು ದಣಿವಾರಿಸಿಕೊಂಡರು, ಎದ್ದು ಹೋದರು. ಅವರ ತಪ್ಪೇನೂ ಇಲ್ಲ, ಓದಿ ಹೇಳುವವರು ಇರಲಿಲ್ಲ.

1837ರಲ್ಲಿ ಕಲ್ಕತ್ತೆಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಎಂಬಾತ ಉತ್ತರದ ಶಾಸನಗಳನ್ನು ಹಗಲಿರುಳು ಹೋಲಿಸಿ ನೋಡಿ ಬ್ರಾಹ್ಮಿಯನ್ನು ಓದಿದ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಬೆಳಕಿಗೆ ತಂದ. ಆದರೂ ‘ದೇವಾನಾಂಪ್ರಿಯ’ ಎಂದು ತನ್ನನ್ನು ಕರೆದುಕೊಂಡ ಈ ರಾಜ ಅಶೋಕನೇ ಎಂಬುದಕ್ಕೆ ಕಲ್ಲಿನ ಮೇಲಿನ ಸಾಕ್ಷಿ ಬೇಕಿತ್ತು. ಅದು ಸಿಕ್ಕಿದ್ದೂ ನಮ್ಮ ನಾಡಿನಲ್ಲೇ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, 1915ರಲ್ಲಿ. ಅಲ್ಲಿನ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅದಾಗಿ 32 ವರ್ಷಕ್ಕೆ, 1947ರ ಜುಲೈ 22ರಂದು, ನಮ್ಮ ಬಾವುಟದ ನಡುವೆ ಅಶೋಕನ ಚಕ್ರ ಬಂದು ಕುಳಿತಿತು.

ಆ ಅಕ್ಷರಗಳನ್ನು ಯಾರೂ ಓದದೇ ಹೋಗಿದ್ದರೆ ಅಶೋಕ ಹಳೆಯ ಗ್ರಂಥಗಳ ವಂಶಾವಳಿಯಲ್ಲಿ ಒಂದು ಹೆಸರಾಗಿ, ಬೌದ್ಧರ ಕಥೆಗಳಲ್ಲಿ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಯುದ್ಧಕ್ಕೆ ನೊಂದು ಮನಸ್ಸು ತಿರುಗಿಸಿಕೊಂಡ ಅರಸನೊಬ್ಬನನ್ನು ಒಂದು ಹೊಸ ದೇಶ ತನ್ನ ಗುರುತಾಗಿ ಆರಿಸಿಕೊಳ್ಳಬೇಕಾದರೆ, ಮೊದಲು ಯಾರೋ ಕೆಲವರು ಎಣ್ಣೆಬತ್ತಿಯ ಬೆಳಕಿನಲ್ಲಿ ಕೂತು ಅಕ್ಷರ ಕೂಡಿಸಿ ಓದಬೇಕಾಯಿತು. ಓದು ಲೋಕದ ಮೇಲೆ ಮಾಡುವ ಪರಿಣಾಮ ಇಂಥದ್ದು. ನಿಧಾನವಾಗಿ ಆಗುತ್ತದೆ, ಆದರೆ ಆಗುತ್ತದೆ.

ಓದು ಮನುಷ್ಯನನ್ನು ರೂಪಿಸುವುದು ಹೇಗೆ ಎಂಬುದಕ್ಕೂ ಉದಾಹರಣೆ ನಿಮ್ಮ ದಾರಿಯಲ್ಲೇ ಸಿಗುತ್ತದೆ. ಚಳ್ಳಕೆರೆಗೆ ಹೋಗುವಾಗ ತಳುಕು ಬರುತ್ತದಲ್ಲ, ಬಸ್ಸು ನಿಂತಾಗ ಕಿಟಕಿಯಿಂದ ಒಮ್ಮೆ ನೋಡಿ. ಟಿ.ಎಸ್. ವೆಂಕಣ್ಣಯ್ಯನವರ ಊರು ಅದು. ಮೈಸೂರಿನ ಮಹಾರಾಜಾ ಕಾಲೇಜಿನ ಕನ್ನಡದ ಮೊದಲ ಪ್ರಾಧ್ಯಾಪಕರು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ಶುರುವಾದಾಗ ತತ್ವಶಾಸ್ತ್ರದಲ್ಲಿ ಪದವಿ ಮುಗಿಸಿದ್ದ ಮಲೆನಾಡಿನ ಹುಡುಗನೊಬ್ಬನನ್ನು ಅವರು ಕನ್ನಡದ ತರಗತಿಗೆ ಕರೆದುಕೊಂಡರು. ಮೊದಮೊದಲು ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಆ ಹುಡುಗ ಕುವೆಂಪು. ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಅಚ್ಚಾಗಿ ಬಂದಾಗ ಅದು ಅರ್ಪಿತವಾದದ್ದು ವೆಂಕಣ್ಣಯ್ಯನವರಿಗೆ. ಅವರು ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. 1967ರ ಜ್ಞಾನಪೀಠ, ಕನ್ನಡಕ್ಕೆ ಮೊದಲ ಸಲ ಬಂದ ಆ ಗೌರವ, ಸಂದದ್ದು ಆ ಪುಸ್ತಕಕ್ಕೆ. ವೆಂಕಣ್ಣಯ್ಯನವರು ತಾವು ಬರೆದದ್ದು ಹೆಚ್ಚಿಲ್ಲ. ಅವರು ಓದಿದರು, ಓದಿಸಿದರು. ನಮ್ಮ ಬಯಲುಸೀಮೆಯ ಒಬ್ಬ ಓದುಗ ಮೇಷ್ಟ್ರು ಕನ್ನಡ ಸಾಹಿತ್ಯಕ್ಕೆ ಕೊಟ್ಟ ಕೊಡುಗೆ ಅಷ್ಟು ದೊಡ್ಡದು ಎಂದು ನಾನು ಎದೆತಟ್ಟಿ ಹೇಳುತ್ತೇನೆ.

ಅದೇ ಮನೆತನದಲ್ಲಿ ತ.ಸು. ಶಾಮರಾಯರು ಬಂದರು, ತ.ರಾ.ಸು. ಬಂದರು. ಒಂದು ಮನೆಯಲ್ಲಿ ಒಬ್ಬರು ಓದುವುದನ್ನು ಹಿಡಿದರೆ ಅದು ಆ ಒಬ್ಬರಿಗೇ ನಿಲ್ಲುವುದಿಲ್ಲ. ತ.ರಾ.ಸು. ಅವರ ‘ನಾಗರಹಾವು’ ಸಿನಿಮಾ ನೀವು ನೋಡಿದ್ದೀರಿ, ಅವರ ದುರ್ಗದ ಕಾದಂಬರಿಗಳನ್ನು ಓದಿದವರು ನಿಮ್ಮಲ್ಲಿ ಎಷ್ಟು ಜನ? ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’, ಕೊನೆಗೆ ‘ದುರ್ಗಾಸ್ತಮಾನ’. ಅವರು 1984ರಲ್ಲಿ ತೀರಿಕೊಂಡ ಮೇಲೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ‘ದುರ್ಗಾಸ್ತಮಾನ’ಕ್ಕೆ ಬಂತು. ನಮ್ಮ ಕಾಲದಲ್ಲಿ ಈ ಕಾದಂಬರಿಗಳ ಒಂದೊಂದೇ ಪ್ರತಿ ಊರೂರು ಸುತ್ತುತ್ತಿತ್ತು. ರಟ್ಟು ಕಳಚಿ ಹೋಗಿರುತ್ತಿತ್ತು, ಮೂಲೆಗಳು ಮಡಿಸಿ ಮಡಿಸಿ ಮುರಿದಿರುತ್ತಿದ್ದವು, ಪುಟದ ಅಂಚಿಗೆ ಒಗ್ಗರಣೆ ಕೈಯ ಎಣ್ಣೆ ಹತ್ತಿರುತ್ತಿತ್ತು. ಮೊದಲ ಕೆಲವು ಹಾಳೆಗಳೇ ಕಿತ್ತುಹೋದ ಪುಸ್ತಕವನ್ನು ಕೊಡುವವರು, ಕಳೆದುಹೋದ ಭಾಗದಲ್ಲಿ ಏನಾಯಿತು ಎಂದು ಬಾಯಲ್ಲಿ ಹೇಳಿ, ಇಲ್ಲಿಂದ ಮುಂದಕ್ಕೆ ನೀನು ಓದಿಕೊ ಅನ್ನುತ್ತಿದ್ದರು. ದುರ್ಗದ ಕೋಟೆಗೆ ಹೋದಾಗ ಅಂಥ ಓದುಗರ ಕಣ್ಣಿಗೆ ಬರೀ ಕಲ್ಲು ಕಾಣುತ್ತಿರಲಿಲ್ಲ. 1779ರಲ್ಲಿ ಮದಕರಿ ನಾಯಕ ಸೋತದ್ದು ತಮ್ಮ ಮನೆಯಲ್ಲೇ ನಡೆದ ಸಾವಿನ ಹಾಗೆ ಅವರನ್ನು ತಟ್ಟುತ್ತಿತ್ತು. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಎರಡು ಸಾಲಾಗಿದ್ದದ್ದು ಕಾದಂಬರಿಯಲ್ಲಿ ಬದುಕಾಗುತ್ತದೆ. ನಿಮ್ಮ ನೆಲ ನಿಮಗೆ ನಿಜವಾಗಿ ಸಿಗಬೇಕಾದರೆ ಅದರ ಬಗ್ಗೆ ಬರೆದದ್ದನ್ನು ಓದಲೇಬೇಕು.

ಇಲ್ಲಿ ಒಂದು ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದೀತು. ನಮ್ಮ ಅಜ್ಜಿ ಓದಿದವಳಲ್ಲ, ಅವಳಿಗೆ ಬುದ್ಧಿ ಇರಲಿಲ್ಲವೇ? ಇತ್ತು, ನಮ್ಮಲ್ಲಿ ಅನೇಕರಿಗಿಂತ ಹೆಚ್ಚೇ ಇತ್ತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಸಾವಿರಾರು ಪದ ಬಾಯಲ್ಲಿದ್ದವು. ಮೇಷ್ಟ್ರಾಗಿದ್ದ ಕೃಷ್ಣಮೂರ್ತಿ ಹನೂರರು ಆಕೆಯ ಮುಂದೆ ಕುಳಿತು ಕೇಳಿದರು, ಬರೆದುಕೊಂಡರು. ‘ಸಾವಿರದ ಸಿರಿಯಜ್ಜಿ’ ಪುಸ್ತಕವಾಯಿತು. ಸಿರಿಯಜ್ಜಿ ಈಗ ಇಲ್ಲ. ಹಾಡು ಇದೆ. ನಿಮ್ಮ ಊರಲ್ಲಿ, ನಿಮ್ಮ ಹಟ್ಟಿಯಲ್ಲಿ ಬರೆದುಕೊಳ್ಳುವವರಿಲ್ಲದೆ ಹೋದ ಸಿರಿಯಜ್ಜಿಯರು ಎಷ್ಟಿದ್ದರೋ! ಅಕ್ಷರ ಬಲ್ಲವರಿಗೆ ಆ ಹೊಣೆಯೂ ಇದೆ. ನಿಮ್ಮ ಮನೆಯ ಹಿರಿಯರಿಗೆ ಒಂದು ಕಾದಂಬರಿಯನ್ನು ಗಟ್ಟಿಯಾಗಿ ಓದಿ ಹೇಳಿ. ಹತ್ತು ನಿಮಿಷ ಕೇಳಿದ ಮೇಲೆ ಅವರು ಸುಮ್ಮನಿರುವುದಿಲ್ಲ, ನಿಮ್ಮನ್ನು ತಡೆದು ತಮ್ಮದೊಂದು ಕಥೆ ತೆಗೆಯುತ್ತಾರೆ. ಆಗ ಪುಸ್ತಕ ಮುಚ್ಚಿಟ್ಟು ನೋಟ್‌ಬುಕ್ಕು ತೆಗೆಯಿರಿ.

ಹೆಣ್ಣುಮಕ್ಕಳಿಗೆ ಬೇರೆಯಾಗಿ ಒಂದು ಮಾತು. ತಾಯಿ, ಕೆಲಸ ಮುಗಿದ ಮೇಲೆ ಓದುತ್ತೇನೆ ಅನ್ನಬೇಡಿ. ಮನೆಗೆಲಸ ಮುಗಿಯುವುದಿಲ್ಲ. ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಜಾನಕಮ್ಮನವರು ಹುಟ್ಟಿದ್ದು 1912ರಲ್ಲಿ. ಹೆಚ್ಚು ಶಾಲೆ ಕಲಿಯುವ ಅವಕಾಶ ಅವರಿಗೆ ಸಿಗಲಿಲ್ಲ. ಸಂಸಾರದ ನಡುವೆಯೇ ಕವಿತೆ ಬರೆದು, 1948ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ಹೋಗಿಬಿಟ್ಟರು. ಅವರ ತಮ್ಮ ಕೃಷ್ಣಶಾಸ್ತ್ರಿಗಳು ಮೇಷ್ಟ್ರಾಗಿ ತೊಂಬತ್ತು ದಾಟಿ ಬದುಕಿದರು, ‘ಯೇಗ್ದಾಗೆಲ್ಲಾ ಐತೆ’ ಬರೆದು ನಾಡಿಗೆಲ್ಲ ಪರಿಚಿತರಾದರು. ಅಕ್ಕನಿಗೂ ಅಷ್ಟು ಆಯುಸ್ಸು, ಅಷ್ಟು ಬಿಡುವು ಸಿಕ್ಕಿದ್ದರೆ ಕನ್ನಡಕ್ಕೆ ಏನೇನು ಬರುತ್ತಿತ್ತೋ ಎಂದು ನನಗೆ ಎಷ್ಟೋ ಸಲ ಅನ್ನಿಸುತ್ತದೆ. ನಿಮಗೆ ಅವರಿಗಿಂತ ಹೆಚ್ಚು ಶಾಲೆ ಸಿಕ್ಕಿದೆ. ದಿನದಲ್ಲಿ ಅರ್ಧ ಗಂಟೆ ನಿಮ್ಮದು ಎಂದು ಮನೆಯವರಿಗೆ ಹೇಳಿ ಇಟ್ಟುಕೊಳ್ಳಿ. ಗಂಡುಮಕ್ಕಳೇ, ಆ ಅರ್ಧ ಗಂಟೆ ಅಕ್ಕತಂಗಿಗೆ ಸಿಗಬೇಕಾದರೆ ನೀರು ತರುವುದು, ಪಾತ್ರೆ ತೊಳೆಯುವುದು ನಿಮ್ಮ ಕೆಲಸವೂ ಹೌದು.

ಪುಸ್ತಕವನ್ನು ಸರಿಯಾದ ವಯಸ್ಸಿನಲ್ಲಿ ಸರಿಯಾದ ಕೈಗೆ ಇಟ್ಟರೆ ಏನಾಗುತ್ತದೆ ಎಂಬುದನ್ನು ಅಂಬೇಡ್ಕರರ ಬಾಳಿನಲ್ಲಿ ನೋಡಬೇಕು. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಮುಂಬಯಿಯಲ್ಲಿ ಸಣ್ಣ ಸಭೆಯೊಂದು ಸೇರಿತು. ಕೃಷ್ಣಾಜಿ ಅರ್ಜುನ್ ಕೇಳುಸ್ಕರ್ ಎಂಬ ಮೇಷ್ಟ್ರು ತಾವು ಮರಾಠಿಯಲ್ಲಿ ಬರೆದಿದ್ದ ಬುದ್ಧನ ಚರಿತ್ರೆಯನ್ನು ಆ ಹುಡುಗನ ಕೈಗಿಟ್ಟರು. 49 ವರ್ಷ ಕಳೆದು, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಅದೇ ಹುಡುಗ ಲಕ್ಷಾಂತರ ಜನರೊಂದಿಗೆ ಬುದ್ಧನ ದಾರಿ ಹಿಡಿದರು. ಬುದ್ಧನ ಕಡೆಗೆ ತಮ್ಮನ್ನು ಮೊದಲು ತಿರುಗಿಸಿದ್ದು ಆ ಪುಸ್ತಕ ಎಂದು ಅವರೇ ಬರೆದಿಟ್ಟಿದ್ದಾರೆ. ಕೇಳುಸ್ಕರರು ಅಂದು ಒಂದು ಹಾರ ಹಾಕಿ ಕಳಿಸಿದ್ದರೆ ಅದು ಸಂಜೆಗೆ ಬಾಡುತ್ತಿತ್ತು. ನಿಮ್ಮ ಊರಿನ ಮದುವೆ, ನಾಮಕರಣ, ಶಾಲೆಯ ಬೀಳ್ಕೊಡುಗೆಗಳಲ್ಲಿ ಶಾಲು ಹಾರಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಪುಸ್ತಕ ಬರುತ್ತದೆ. ಇದನ್ನು ನೀವು ಹುಡುಗರು ಶುರು ಮಾಡಿದರೆ ದೊಡ್ಡವರು ಹಿಂದೆ ಬರುತ್ತಾರೆ.

ಓದು ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ ಎಂದು ಕೇಳುವವರಿಗೂ ಉತ್ತರವಿದೆ. ಚಳ್ಳಕೆರೆಯ ಕುದಾಪುರದ ಕಡೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೊ, ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ ಎಲ್ಲವೂ ಬಂದವು. ಕುರಿದನ ಮೇಯುತ್ತಿದ್ದ ನೆಲ ಹಂಚಿಕೆಯಾದದ್ದು ಕಾಗದದ ಮೇಲೆ, ಊರಿನವರಿಗೆ ಅದು ತಿಳಿದದ್ದು ಬೇಲಿ ಗೋಡೆ ಏಳುವಾಗ. ಆ ಕಾಗದಗಳನ್ನು ಹುಡುಕಿ, ಓದಿ, ಪ್ರಶ್ನೆ ಕೇಳಿದವರಿದ್ದುದರಿಂದ ವಿಷಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಪಹಣಿ, ನೋಟಿಸು, ಗ್ರಾಮಸಭೆಯ ನಡಾವಳಿ, ಸಾಲದ ಪತ್ರ, ಇವನ್ನೆಲ್ಲ ಕೊನೆಯ ಸಾಲಿನವರೆಗೆ ಓದಿ ಅರ್ಥ ಮಾಡಿಕೊಳ್ಳುವ ತಾಳ್ಮೆ ಎಲ್ಲಿಂದ ಬರಬೇಕು? ಮುನ್ನೂರು ಪುಟದ ಕಾದಂಬರಿಯನ್ನು ಪೂರ್ತಿ ಓದಿದವನಿಗೆ ಮೂರು ಪುಟದ ಆದೇಶ ಹೆದರಿಕೆ ಹುಟ್ಟಿಸುವುದಿಲ್ಲ. ಹಾಗೆಯೇ, ಆ ಸಂಸ್ಥೆಗಳ ಗೇಟಿನ ಹೊರಗೆ ಕಾವಲಿಗೆ ನಿಲ್ಲುವವರೂ ನಮ್ಮ ಮಕ್ಕಳೇ, ಒಳಗೆ ಪ್ರಯೋಗಾಲಯದಲ್ಲಿ ಇರಬೇಕಾದವರೂ ನಮ್ಮ ಮಕ್ಕಳೇ. ಕಾವಲಿನ ಕೆಲಸವೂ ಮರ್ಯಾದೆಯದೇ. ಆದರೆ ನಿಮ್ಮ ಮುಂದೆ ಅದೊಂದೇ ಬಾಗಿಲು ತೆರೆದಿರಬಾರದು.

ಮೊಬೈಲನ್ನು ನಾನು ಬೈಯುವುದಿಲ್ಲ. ಅದರಲ್ಲಿ ಪಾಠ ಇದೆ, ಸುದ್ದಿ ಇದೆ, ಪುಸ್ತಕವೂ ಇದೆ. ಆದರೆ ರೀಲ್ಸ್ ನಿಮ್ಮ ಗಮನವನ್ನು ಅರ್ಧ ನಿಮಿಷದ ತುಂಡುಗಳಾಗಿ ಕತ್ತರಿಸುತ್ತದೆ. ಹಾಗೆ ಕತ್ತರಿಸಿಕೊಂಡ ಮನಸ್ಸಿಗೆ ಒಂದು ಪುಟ ಓದುವುದೂ ಭಾರವಾಗುತ್ತದೆ. ಅದು ದಡ್ಡತನವಲ್ಲ, ಅಭ್ಯಾಸ ತಪ್ಪಿರುವುದು. ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ದಿನಕ್ಕೆ ಹತ್ತು ಪುಟ ಓದಿ. ಯಾವ ಒಳ್ಳೆಯ ಕಾದಂಬರಿಯಲ್ಲೂ ಮೊದಲ ಮೂವತ್ತು ಪುಟ ಕಷ್ಟ. ಯಾರು ಯಾರಿಗೆ ಏನಾಗಬೇಕು ಎಂಬುದು ಗೊತ್ತಾಗುವುದಿಲ್ಲ. ಅಲ್ಲಿ ಬಿಡಬೇಡಿ. ತಿಳಿಯದ ಮಾತು ಬಂದರೆ ಗೆರೆ ಎಳೆದು ಮುಂದೆ ಹೋಗಿ, ಆಮೇಲೆ ಯಾರನ್ನಾದರೂ ಕೇಳಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಕನ್ನಡ ಪುಟವನ್ನು ಕೂಡಿಸಿ ಕೂಡಿಸಿ ಓದುವ ಮಕ್ಕಳು ಈಗ ಹಳ್ಳಿಯಲ್ಲೂ ಇದ್ದಾರೆ. ಅವರಿಗೆ ಇನ್ನೂ ಒತ್ತಿ ಹೇಳುತ್ತೇನೆ: ಇಂಗ್ಲಿಷ್ ಕಲಿಯಿರಿ, ಚೆನ್ನಾಗಿ ಕಲಿಯಿರಿ, ಆದರೆ ಕನ್ನಡದ ಓದನ್ನು ಕೈಬಿಡಬೇಡಿ. ಓದುವ ವಿದ್ಯೆ ತಲೆಮಾರಿನಲ್ಲಿ ಒಮ್ಮೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಬ್ರಹ್ಮಗಿರಿಯಲ್ಲಿ ಕಂಡ ಜನ ನಾವು.

ಇನ್ನೊಂದು ಎಚ್ಚರಿಕೆ. ಅಚ್ಚಾದದ್ದೆಲ್ಲ ಸತ್ಯವಲ್ಲ. ಹಿಟ್ಲರನೂ 1925ರಲ್ಲಿ ಪುಸ್ತಕ ಬರೆದ, ಒಂದು ದೇಶವೇ ಅದರ ವಿಷಕ್ಕೆ ತಲೆಬಾಗಿತು. ಒಂದೇ ಪುಸ್ತಕ, ಒಂದೇ ಬಗೆಯ ಪುಸ್ತಕ ಓದಿದವರು ಏನೂ ಓದದವರಿಗಿಂತ ಅಪಾಯಕಾರಿಯಾಗಬಲ್ಲರು. ಯಾವುದಾದರೂ ಬರಹ ಇನ್ನೊಂದು ಜಾತಿಯನ್ನೋ ಧರ್ಮವನ್ನೋ ದ್ವೇಷಿಸಲು ನಿಮಗೆ ಹೇಳಿಕೊಡುತ್ತಿದೆ ಅನ್ನಿಸಿದರೆ ಅಲ್ಲೇ ನಿಂತು, ಆ ಜನ ತಮ್ಮ ಬಗ್ಗೆ ತಾವು ಬರೆದುಕೊಂಡದ್ದನ್ನು ಹುಡುಕಿ ಓದಿ. ಕುವೆಂಪು ಓದಿದವರು ದೇವನೂರ ಮಹಾದೇವ ಅವರನ್ನೂ ಓದಬೇಕು, ಸಾರಾ ಅಬೂಬಕ್ಕರ್ ಅವರನ್ನೂ ಓದಬೇಕು.

ಪುಸ್ತಕ ಕೊಳ್ಳಲು ದುಡ್ಡಿಲ್ಲ ಅನ್ನುತ್ತೀರಿ, ನನಗೆ ಗೊತ್ತು. ಆದರೆ ನೀವು ಈಗಾಗಲೇ ದುಡ್ಡು ಕೊಟ್ಟಾಗಿದೆ. ನಿಮ್ಮ ಅಪ್ಪ ಕಟ್ಟುವ ಮನೆ ಕಂದಾಯದ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಇದೆ. ಗ್ರಂಥಾಲಯ ಕಾಯ್ದೆ 1965ರಷ್ಟು ಹಳೆಯದು. 2019ರಲ್ಲಿ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, ಈಗ ಅವುಗಳ ಹೆಸರು ಅರಿವು ಕೇಂದ್ರ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಈ ವಾರವೇ ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ. ನಿಮ್ಮ ಜೊತೆ ತಮ್ಮನನ್ನೋ ತಂಗಿಯನ್ನೋ ಪಕ್ಕದ ಮನೆಯ ಮಗುವನ್ನೋ ಕರೆದುಕೊಂಡು ಹೋಗಿ ಅವರ ಹೆಸರನ್ನೂ ಬರೆಸಿ. ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿಕೊಡಿ ಎಂದು ಅರ್ಜಿ ಕೊಡಿ. ಬಾಗಿಲಿಗೆ ಬೀಗ ಬಿದ್ದಿದ್ದರೆ ಪಿಡಿಒ ಅವರನ್ನು ಕೇಳಿ, ಅಲ್ಲೂ ಆಗದಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಅದು ನಿಮ್ಮ ಹಕ್ಕು.